ಕೊಲೆಗಾರನ ಹೆಜ್ಜೆ

ಗುರುವಾರ ರಾತ್ರಿ ಒಂಬತ್ತೂವರೆಗೆ
ನಮ್ಮಪ್ಪ ಕೊಲೆ ಮಾಡುತ್ತಿದ್ದ.

ಮಾತಿಲ್ಲ ಅವನಿಗೆ, ಕೊನೆಯಲ್ಲಿ ಹೆಸರೂ ಇಲ್ಲ.
ಪಾತ್ರವರ್ಗದ ಪಟ್ಟಿ ಓದುವಾಗ
ಅಮ್ಮ ರೇಡಿಯೊಕ್ಕೆ ಕಿವಿ ಹಚ್ಚಿ ಕಾಯುವಳು,
'ಮತ್ತು ಇತರರು' ಎಂಬಲ್ಲಿಗೆ ಅದು ಮುಗಿಯುವುದು.
ಅಪ್ಪನದು ಬರೀ ಹೆಜ್ಜೆ.

ಭದ್ರಾವತಿಯ ಫೌಂಡ್ರಿಯಲ್ಲಿ ಅಚ್ಚು ಜಾರಿ
ಎಡಗಾಲು ತುಸು ಎಳೆಯುತ್ತಿತ್ತು.
ಟಕ್. ಸರ್ರ್. ಟಕ್. ಸರ್ರ್.
ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅದು ಬೆನ್ನ ಹಿಂದೆ ಹಾದಾಗ
ರೇಡಿಯೊದ ನಾಟಕದ ಸಾಹೇಬರು
ಬಾಯಿಗೊಯ್ದ ಲೋಟ ಕೆಳಗಿಟ್ಟರಂತೆ:
'ಯಜಮಾನ್ರೇ, ಇನ್ನೊಂದ್ಸಲ ನಡೀರಿ.'

ಅಂದಿನಿಂದ ವಾರದ ರಜೆಯೆಂದರೆ ಸ್ಟುಡಿಯೊ.
ಒಂದು ತಟ್ಟೆಯಲ್ಲಿ ಹೊಳೆಮರಳು, ಇನ್ನೊಂದರಲ್ಲಿ ಜಲ್ಲಿ,
ಗೋಡೆಯೇ ಇಲ್ಲದ ಒಂದು ಬಾಗಿಲು,
ಅದಕ್ಕೆ ಎಣ್ಣೆ ಹಾಕಬಾರದೆಂದು ಬೋರ್ಡು.
ಅಂದಿನಿಂದ ಕೊಲೆಗಾರರೆಲ್ಲ ಕುಂಟರಾದರು.
ಡಾಕ್ಟರು ಕೊಂದರೂ ಕುಂಟ,
ಎಸ್ಟೇಟಿನ ರೈಟರು ಕೊಂದರೂ ಕುಂಟ,
ಒಮ್ಮೆಯಂತೂ ಕೊಂದವಳು ಹದಿನೆಂಟರ ಸೊಸೆ,
ಅವಳೂ ಎಡಗಾಲು ಎಳೆದಳು.
ಜಿಲ್ಲೆಯಲ್ಲಿ ಒಬ್ಬರೂ ಕಾಗದ ಬರೆದು ಕೇಳಲಿಲ್ಲ.

ಅಪ್ಪ ಮಾತ್ರ ಒಂದು ನಾಟಕವನ್ನೂ ಕೇಳಿದವನಲ್ಲ.
'ಹೆದರಿಕೆ ಆಗ್ತದೆ ಮಾರಾಯ್ತಿ' ಅನ್ನುತ್ತಿದ್ದ.

ನಾವು ಕೇಳುತ್ತಿದ್ದೆವು, ದೀಪ ಆರಿಸಿ.
'ಕತ್ಲಾದ್ರೇ ಕಾಣೋದು' ಎನ್ನುತ್ತ
ಪಕ್ಕದ ಕ್ವಾರ್ಟರ್ಸಿನ ಅಂತೋಣಿಯಮ್ಮ ಮಣೆ ಸಮೇತ ಬರುವಳು,
ಮುಮ್ತಾಜ್ ಕಚ್ಚಿಕೊಳ್ಳಲು ದಿಂಬು ತರುವಳು.
ಗಾಜಿನ ಹಿಂದೆ ಹಳದಿ ಬೆಳಕು, ಅಂಕಿಗಳ ಮೇಲೆ ಕೆಂಪು ಮುಳ್ಳು.
'ಒಂದು ಹಳೆಯ ಬಂಗಲೆ' ಎಂದರೆ ಸಾಕು:
ಅಂತೋಣಿಯಮ್ಮನಿಗೆ ಪಾದ್ರಿಗಳ ಮನೆ,
ಮುಮ್ತಾಜಳಿಗೆ ಲಕ್ಕವಳ್ಳಿ ಡ್ಯಾಮಿನ ಐಬಿ,
ನನಗೆ ನಮ್ಮದೇ ಬಚ್ಚಲ ಬಾಗಿಲು,
ಮೂರಡಿ ದೂರದಲ್ಲಿ, ನಿಜವಾಗಿಯೂ ಅಲ್ಲೇ.

ಟಕ್. ಸರ್ರ್.
'ನಿಮ್ಮಪ್ಪನೇ ಅಲ್ವೇನೇ' ಎನ್ನುತ್ತಲೇ
ಮುಮ್ತಾಜಳ ಉಗುರು ನನ್ನ ತೋಳಿನಲ್ಲಿ.
ಹೌದು, ಅಪ್ಪನೇ.
ಹೋದ ಭಾನುವಾರ ನಡೆದದ್ದು ಈಗ ಬರುತ್ತಿದೆ.
ಗೊತ್ತಿದ್ದರೆ ಭಯ ಹೋಗುತ್ತದೆಂದು ಯಾರು ಹೇಳಿದ್ದು?
ಬೆಳಿಗ್ಗೆ ಆ ಕಾಲಿಗೆ ಎಣ್ಣೆ ತಿಕ್ಕಿದ್ದು ನಾನು.

ಆ ಗುರುವಾರ ಹೆಜ್ಜೆ ಬಾಗಿಲ ತನಕ ಬಂದು ನಿಂತಿತು.
ಉಳಿದದ್ದು ಮುಂದಿನ ವಾರ.
ಅಮ್ಮ ಕಿವಿ ತಿರುವಿ ರೇಡಿಯೊ ಆರಿಸಿದಳು,
ದೀಪ ಹಾಕಲು ಯಾರೂ ಏಳಲಿಲ್ಲ.
ಕಾರ್ಖಾನೆಯ ಸೈರನ್ ಕೂಗಿ, ಸೆಕೆಂಡ್ ಶಿಫ್ಟಿನ ಸೈಕಲ್ಲುಗಳು
ಒಂದೊಂದೇ ಕಳೆದು,
ನಮ್ಮ ಅಂಗಳದ ಜಲ್ಲಿಯ ಮೇಲೆ
ಟಕ್. ಸರ್ರ್. ಟಕ್.

ದಿನವೂ ಬರುವ ಸದ್ದು. ದಿನವೂ ಓಡಿ ತೆಗೆಯುವ ಚಿಲಕ.
ನಾಲ್ವರೂ ಉಸಿರು ಹಿಡಿದೆವು.
'ಯಾರದು?' ಎಂದಳು ಅಮ್ಮ,
ಮದುವೆಯಾದ ಮೇಲೆ ಮೊದಲ ಸಲ.

ಹೊರಗೆ ತುಸು ಹೊತ್ತು ಏನೂ ಇಲ್ಲ.
ಕತ್ತಲ ಮನೆ, ಬಾಗಿಲಾಚೆ ಅದುಮಿಟ್ಟ ಉಸಿರುಗಳು:
ಅವನಿಗೆ ಏನು ಕಂಡಿತೋ.
ಆಮೇಲೆ ಕೊಲೆಗಾರ ಬಾಯಿಬಿಟ್ಟ,
ದನಿ ನಡುಗುತ್ತಿತ್ತು:
'ಒಳಗೆ... ಯಾರಿದೀರ?'

ಅಮ್ಮ ಚಿಲಕದ ಮೇಲೆ ಕೈಯಿಟ್ಟು
ಸುಮ್ಮನೆ ನಿಂತಳು,
ಇನ್ನೊಂದು ಸಲ ಹೇಳಲಿ ಎಂದೋ ಏನೋ.