ಬದಲಿ

ಎರಡೂ ಡಿಸ್ಕು ಒಂದೇ ಅಂಗಡ್ಯಾಗ ತಗೋಬ್ಯಾಡ,
ಒಂದೇ ಲಾಟಿನ ಮಾಲು ಒಂದೇ ದಿನ ಕೈ ಕೊಡ್ತದ
ಅಂದ ಯಲ್ಲಾಲಿಂಗ ಮಾಮಾ.
ಅವಗ ಕಂಪ್ಯೂಟರ್ ಗೊತ್ತಿಲ್ಲ, ನೂಲು ಗೊತ್ತು.
ಒಂದು ನವೀ ಪೇಟ್ಯಾಗ ಕೊಂಡೆ,
ಇನ್ನೊಂದು ತಿಂಗಳ ಬಿಟ್ಟು, ಸ್ಟೇಷನ್ ಹತ್ರ,
ಪಾವತಿ ಇಲ್ಲದ, ನೂರೈವತ್ತು ಕಮ್ಮಿಗೆ.

ಹೋದ ದೀಪಾವಳಿಗೆ ಹಳೀ ಡಿಸ್ಕು
ಲಾಳಿ ಸಿಕ್ಕೊಂಡ ಮಗ್ಗದಂಗ
ಟಕ್, ಟಕ್ ಅಂದು ನಿಂತಿತ್ತು.
ಅದರ ಜೋಡಿ ಹನ್ನೊಂದು ವರ್ಷದ ಚಾದರ ನಕ್ಷೆ ಹೋದ್ವು:
ನವಿಲಿನ ಅಂಚು, ಎಂಟೆಸಳಿನ ಹೂವು,
ಅಕ್ಕಲಕೋಟಿ ಗಿರಾಕಿ ಒಲ್ಲೆ ಅಂತ ಹೊಳ್ಳಿಸಿದ ಒಂದು ಆನಿ.
ಆ ಆನಿ ನನಗ ಭಾಳ ಸೇರಿತ್ತು.

ಈಗ ಎರಡು ಇಟ್ಟೀನಿ.
ಬ್ಯಾರೆ ಕಾರ್ಡಿಲ್ಲ, ದುಬಾರಿ ಪೆಟ್ಟಿಗಿಲ್ಲ,
ಬರೇ ಸಾಫ್ಟ್‌ವೇರಿನ ಬಾಯಿಮಾತಿನ ಕರಾರು:
ಇದಕ್ಕ ಬರೆದದ್ದು ಅದಕ್ಕೂ ಬರೀಬೇಕು, ಅಷ್ಟ.
ಮೂರು ತಾಸು ಒಂದು ಇನ್ನೊಂದರ ಬಾಯಿ ನೋಡಿ ಕಲೀತು.
ನಾಲ್ಕು ಪರ್ಸೆಂಟು, ಹನ್ನೆರಡು, ಅರವತ್ತೊಂದು.
ಏರೂದು ನೋಡ್ಕೋತ ಮಾಮಾ ಶೇಂಗಾ ಸುಲಿದ.
ಕಡೀಕ ಪರದೆ ಮ್ಯಾಲ ಎರಡು ಅಕ್ಷರ ಜೋಡಾಗಿ ನಿಂತ್ವು: ಯು ಯು.
ಹಾಜರಿ ಏನಿದು? ಅಂದ.
ಹಾಜರಿನ, ಅಂದೆ.

ಆದ್ರೂ ನಿದ್ದಿ ಬರಲಿಲ್ಲ.
ಜಗ್ಗಿ ನೋಡದ ಹಗ್ಗ ಬಾವ್ಯಾಗ ಬಿಟ್ಟಂಗ ಅನಿಸ್ತು.
ಬಂದ್ ಮಾಡಿ, ಮೊದಲನೇದರ ವಾಯರ್ ಕಿತ್ತು,
ಬಟನ್ ಒತ್ತಿದೆ.

ಫ್ಯಾನ್ ತಿರುಗ್ತು. ಕರೀ ಪರದೆ.
ಮೂಲ್ಯಾಗ ಒಂದು ಬಿಳೀ ಗೆರೆ ಕಣ್ಣು ಪಿಳುಕಿಸ್ತು.
ಬೂಟ್ ಮಾಡೂ ಡಿಸ್ಕ ಇಲ್ಲ ಅಂತು ಮಷಿನ್ನು.
ಇಲ್ಲೇ ಅದಲ್ಲ! ಪೂರಾ ಅದ! ಎಳಿ ಎಳಿ, ಬಣ್ಣ ಬಣ್ಣ,
ಅದಕ್ಕ ಗೊತ್ತಿದ್ದದ್ದೆಲ್ಲ ಇದಕ್ಕ ಗೊತ್ತದ,
ಹೆಂಗ ಏಳಬೇಕು ಅನ್ನೂದೊಂದು ಬಿಟ್ಟು.

ಮಾಮಾ ಶೇಂಗಾ ಬುಟ್ಟಿ ಸರಿಸಿದ.
ನೀ ಅದಕ್ಕ ಬಿಲ್ಲೆ ಕೊಟ್ಟಿಲ್ಲ, ಅಂದ.

ಒಂಬತ್ತು ವರ್ಷ ಮಿಲ್ಲಿನ್ಯಾಗ ಬದಲಿ ಇದ್ದಂವ ಅಂವ.
ಆವಾಗ ಸೊಲ್ಲಾಪುರಾನ್ನೆಲ್ಲ ಭೋಂಗಾ ಎಬ್ಬಿಸ್ತಿತ್ತು;
ಅದಕ್ಕಿಂತ ಮೊದಲ ಇಂವ ಗೇಟಿನ ಮುಂದ.
ಯಾರರೆ ಜ್ವರ ಬಂದು ಮಲಗಿದ್ರ, ಯಾರ ಹೆಣ್ತಿಯರೆ ಹಡೆದ್ರ
ಅವತ್ತು ಇವಗ ಅವರ ಮಗ್ಗ, ಅವರ ಎಣ್ಣಿ ಡಬ್ಬಿ,
ಅವರ ಹೆಸರಿಗೆ ಬರೂ ಬೈಗುಳಾ ಸೈತ.
ಒಂದಿನ ಮುಕಾದಮ ಒಳಗಿಂದ ಕೂಗಿದ: ಮಗ್ಗ ಖಾಲಿ ಅದ, ಬಾರೋ.
ಗೇಟಿನಂವ ಬಿಡಲಿಲ್ಲ. ಹಿತ್ತಾಳಿ ಬಿಲ್ಲೆ ಎಲ್ಲಿ?
ಕೈಯಾಗ ಕಸಬು ಅದ ಅಂದ್ರ
ಗೇಟಿಗೆ ಕಸಬು ಕಾಣ್ತದೇನು?
ಪಾಳಿ ಮುಗಿಯೂ ತನಕ ಬಿಸಿಲಾಗ ನಿಂತಿದ್ದ.

ವಾಯರ್ ಮತ್ತ ಸಿಗಿಸಿ, ಮೊದಲನೇದರಿಂದ ಎಬ್ಬಿಸಿ
ಒಂದು ಸಾಲು ಬರೆದೆ, ಎರಡನೇದರ ಹಣಿ ಮ್ಯಾಲ,
ಫೈಲುಗಳಿಗಿಂತ ಮೊದಲು ಬರೂ ಅಂಗೈಯಷ್ಟು ಜಾಗಾದಾಗ:
ಬೂಟ್‌ಲೋಡರ್. ಯಾರನ್ನ ಎಬ್ಬಿಸಬೇಕು, ಅವರು ಎಲ್ಲಿ ಮಲಗ್ಯಾರ.
ಹೊಸ್ತಿಲ ಒಳಗಿಂದೆಲ್ಲ ಕನ್ನಡಿ ತಾನ ತಿದ್ದಿಕೊಂಡಿತ್ತು,
ಹೊಸ್ತಿಲಾ ಮಾತ್ರ ಕೈಲೇ ಬರೀಬೇಕಿತ್ತು.
ಪುಸ್ತಕದಾಗ ಇತ್ತದು. ನಾ ಆ ಹಾಳಿ ಓದಿದ್ದಿಲ್ಲ.

ಮತ್ತ ಕಿತ್ತೆ. ಒತ್ತಿದೆ.
ಎದ್ತು.
ಹಾಜರಿ ಪಟ್ಟ್ಯಾಗ ಮೊದಲಿನ ಯು ಇದ್ದಲ್ಲಿ ಒಂದು ಗೆರೆ,
ಆದ್ರೂ ನಾ ಹೊಸದಾಗಿ ತೆಗೆದ ಆನಿ ತೆರೀತು,
ಸೊಂಡಿ ಇನ್ನೂ ಒಂದು ಚೌಕ ಸೊಟ್ಟ.

ಮೊದಲನೇದನ್ನ ಹೊಳ್ಳಿ ಸೇರಿಸಿದ್ರ
ಸುಮ್ಮ ಒಳಗ ಬಿಟ್ಟುಕೊಳ್ಳಲಿಲ್ಲ.
ಹತ್ತು ನಿಮಿಷ ಗೈರಿದ್ದದ್ದಕ್ಕ
ಎಲ್ಲಾ ಮೊದಲಿಂದ ಕಲಿ ಅಂತ ಕೂಡಿಸ್ತು.
ಈ ಸಲ ಕಲಿಸಾಂವ ಬದಲಿ.

ಆಮ್ಯಾಲರೆ ಬಿಲ್ಲೆ ಸಿಕ್ತೇನು ಮಾಮಾ?
ಸಿಕ್ತಲ್ಲ, ನಾಲ್ಕು ಸಾವಿರದ ಇನ್ನೂರಾ ಹದಿನೇಳು, ಅಂದ,
ನಂಬರ್ ಬಾಯಿಪಾಠ.
ಮುಂದಿನ ವರ್ಷ ಮಿಲ್ಲು ಬಂದ್ ಆತು.
ಧೋತರದ ಮ್ಯಾಲಿನ ಸಿಪ್ಪಿ ಕೊಡವಿ ಎದ್ದ.
ಪರದೆ ಮ್ಯಾಲ ಮೂವತ್ತೆಂಟು ಪರ್ಸೆಂಟು.