ಒಳಗೆ ಬಿಟ್ಟ ಬಟ್ಟೆ

ಐನೂರ ಎಂಬತ್ತಮೂರು.
ಮ್ಯಾನೇಜರ್ ಬಿದ್ದಪ್ಪನವರು ಪರದೆಯನ್ನು
ನನ್ನ ಕಡೆ ತಿರುಗಿಸಿ, ಯಾರದೋ ಸಾವಿನ ಸುದ್ದಿ
ಹೇಳುವ ಹಾಗೆ ಮೆಲ್ಲಗೆ ಹೇಳಿದರು:
ಏಳುನೂರಾದರೂ ಬೇಕಿತ್ತು, ಬೆನಡಿಕ್ಟಾ.

ನಾನು ಅಳತೆಯವಳು. ಸಂಖ್ಯೆಗೆ ಹೆದರುವವಳಲ್ಲ.
ಇಪ್ಪತ್ತಾರು ವರ್ಷ ಮೀನುಪೇಟೆಯ ಅಂಗಡಿಯಲ್ಲಿ ಕೂತು
ವಿರಾಜಪೇಟೆಯನ್ನು ಇಂಚಿನಲ್ಲಿ ಓದಿದ್ದೇನೆ.
ಎದೆ, ಭುಜ, ತೋಳು, ಕುತ್ತಿಗೆ.
ಯಾರು ಈ ವರ್ಷ ಇಳಿದುಹೋದರು, ಯಾರಿಗೆ ಸಕ್ಕರೆ ಕಾಯಿಲೆ,
ಯಾವ ಹುಡುಗಿ ಯಾಕೆ ಸೊಂಟ ಸಡಿಲ ಮಾಡಿ ಅಂದಳು,
ಎಲ್ಲ ಗೊತ್ತು. ಯಾರಿಗೂ ಹೇಳಿಲ್ಲ.
ಆದರೆ ನಾನು ಅಳೆಯುವಾಗ ಕೈ ಎತ್ತಿ ಅನ್ನುತ್ತೇನೆ,
ಉಸಿರು ಬಿಡಿ, ಸಹಜವಾಗಿ ನಿಲ್ಲಿ ಅನ್ನುತ್ತೇನೆ.
ಇವರು ಯಾವಾಗ ಅಳೆದರು ನನ್ನ?
ಟೇಪು ತಾಗಿದ್ದೇ ಗೊತ್ತಾಗಲಿಲ್ಲ.

ಓವರ್‌ಲಾಕ್ ಮೆಷಿನ್ನಿನ ಸಾಲ, ಅದೇ ಕಾರಣ.
ಮದುವೆಗೆ ಐವತ್ತೇ ಜನ ಅಂತ ಕಟ್ಟಳೆ ಬಂದ ವರ್ಷ
ಒಂದು ಕುಪ್ಯವೂ ಹೊಲಿಯಲಿಲ್ಲ ನಾನು.
ಹನ್ನೊಂದು ಕಂತು ನಿಂತವು.
ಆಮೇಲೆ ಗೋಣಿಕೊಪ್ಪದಿಂದ ಒಬ್ಬ ಹುಡುಗ ಬಂದ,
ಹೆಲ್ಮೆಟ್ ತೆಗೆಯದೆ ಬಾಗಿಲಲ್ಲೇ ನಿಂತ.
ಹದಿನೆಂಟು ಸಾವಿರ ಕಟ್ಟಿ ಅಕ್ಕ, ಉಳಿದದ್ದು ಮನ್ನಾ,
ಸೆಟ್ಲ್ ಮಾಡಿಬಿಡೋಣ.
ಬಳೆ ಅಡವಿಟ್ಟು ಕಟ್ಟಿದೆ. ಅವನಿಗೆ ಕಾಫಿಯನ್ನೂ ಕೊಟ್ಟೆ.
ಇಗರ್ಜಿಯಲ್ಲಿ ಎರಡು ಮೇಣದ ಬತ್ತಿ ಹಚ್ಚಿದೆ,
ನನಗೊಂದು, ಆ ಹುಡುಗನಿಗೊಂದು.

ಸೆಟ್ಲ್. ನಮ್ಮ ಬೀದಿಯಲ್ಲಿ ಅದು ಒಳ್ಳೆಯ ಮಾತು.
ಮಗಳು ಸೆಟ್ಲ್ ಆದಳು ಅಂದರೆ ಸಿಹಿ ಹಂಚುತ್ತಾರೆ,
ಬೇಲಿಯ ಜಗಳ ಸೆಟ್ಲ್ ಆದರೆ ಜೊತೆಗೆ ಕೂತು ಕುಡಿಯುತ್ತಾರೆ.
ಕಂಪ್ಯೂಟರಿನಲ್ಲಿ ಮಾತ್ರ ಅದು ಕಲೆ.
ಮದುಮಗನ ಬಿಳಿ ಕುಪ್ಯದ ಮೇಲೆ ಚೆಲ್ಲಿದ ಪಂದಿಕರಿ.
ಏಳು ವರ್ಷ ಒಗೆಯಬೇಕಂತೆ.
'ಕ್ಲೋಸ್ಡ್' ಅಂತ ಇರಬೇಕಿತ್ತು, ಅಂದರು ಬಿದ್ದಪ್ಪ.

ಪೆರುಂಬಾಡಿ ರಸ್ತೆಯಲ್ಲಿ ಮೂರೂವರೆ ಸೆಂಟು ಜಾಗ ನನ್ನದು.
ಪಾಯ ಆಗಿದೆ.
ಅಡುಗೆಮನೆ ಬರಬೇಕಾದ ಮೂಲೆಯಲ್ಲೇ, ಸರಿಯಾಗಿ,
ಪರಂಗಿ ಮೆಣಸಿನ ಗಿಡವೊಂದು ತಾನೇ ಹುಟ್ಟಿ
ಮೂರು ವರ್ಷದಿಂದ ಕಾಯುತ್ತಿದೆ.

ತಮ್ಮ ರೇಮಂಡನನ್ನು ಜೊತೆಗೆ ಸೇರಿಸೋಣವೆಂದರೆ
ಅವನದು ನನಗಿಂತಲೂ ಕಡಿಮೆ.
ರಮ್ಮಿಯಲ್ಲಾಗಿದ್ದರೆ ಗೆದ್ದಿದ್ದೆ ನೋಡು, ಅಂತ ನಕ್ಕ.
ನಾನೂ ನಕ್ಕೆ. ಇಬ್ಬರೂ ಸ್ವಲ್ಪ ಹೆಚ್ಚೇ ನಕ್ಕೆವು.
ಮೈಸೂರಿನ ಕಂಪನಿಯೊಂದು ಕೊಡುತ್ತದಂತೆ, ಹದಿನಾರು ಪರ್ಸೆಂಟು.
ಲೈನಿಂಗ್ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆ:
ಕಟ್ಟುವುದು ಒಂದು ಮನೆ,
ತೆರುವುದು ಎರಡೂವರೆ ಮನೆ.
ಬಟ್ಟೆ ಕೊಡವಿದೆ.

ಎದ್ದಾಗ ಬಿದ್ದಪ್ಪನವರು ಬಾಗಿಲ ತನಕ ಬಂದರು.
ನಿಯಮ ನಾನು ಮಾಡಿದ್ದಲ್ಲ, ಅಂದರು.
ಆಮೇಲೆ ಹೊಟ್ಟೆ ಮುಟ್ಟಿಕೊಂಡು, ತುಸು ನಾಚಿ,
ಪುತ್ತರಿಗೆ ಮೊದಲು ಕುಪ್ಯ ಒಂಚೂರು ಬಿಡಿಸಬೇಕಿತ್ತಲ್ಲ.

ಅದು ನಾನೇ ಹೊಲಿದ ಕುಪ್ಯ. ಆಗ ಅವರ ಸೊಂಟ ಮೂವತ್ತೆರಡು.
ಕೇಳದಿದ್ದರೂ ಬದಿಯ ಹೊಲಿಗೆಯೊಳಗೆ ಬಟ್ಟೆ ಮಡಚಿ ಬಿಟ್ಟಿದ್ದೆ.
ಅಪ್ಪ ಕತ್ತರಿ ಕೊಡುವಾಗ ಹೇಳಿದ್ದ:
ಇವತ್ತಿನ ಅಳತೆಯಲ್ಲೇ ಮನುಷ್ಯ ನಿಲ್ಲುವುದಿಲ್ಲ ಮಗಾ,
ನಾಳೆ ಬರುವವನಿಗೂ ಒಳಗೆ ಜಾಗ ಇಡು.
ಮೂರು ಸಲ ಬಿಡಿಸಿದ್ದೇನೆ. ಇದು ನಾಲ್ಕನೆಯದು.

ರಾತ್ರಿ ಹಳೆಯ ದಾರ ಬಿಚ್ಚಿದೆ.
ಬಿಸಿಲು ಕಾಣದ ಪಟ್ಟಿ ಇನ್ನೂ
ಥಾನಿನಿಂದ ಈಗ ಹರಿದಂತೆ ಕಪ್ಪಗಿತ್ತು.
ಪುಸ್ತಕದಲ್ಲಿ ಬರೆದೆ:
ಬಿದ್ದಪ್ಪ. ಮೂವತ್ತೆಂಟೂವರೆ. ಒಳಗೆ ಇನ್ನೂ ಅರ್ಧ ಇಂಚಿದೆ.
ಕೆಳಗೆ ಬರೆದೆ:
ಬೆನಡಿಕ್ಟಾ. ಐನೂರ ಎಂಬತ್ತಮೂರು.
ಮನ್ನಾ ಅಂದ ಒಂಬತ್ತು ಸಾವಿರವನ್ನು ಈಗಲಾದರೂ ಕಟ್ಟಿದರೆ
ಆ ಮಾತನ್ನು ಬದಲಿಸುತ್ತಾರೋ, ಕೇಳಬೇಕು.
ಅಂದರೆ ಮೂರು ಕುಪ್ಯದ ಮಜೂರಿ, ನಾಲ್ಕು ಬ್ಲೌಸು.
ಗೋಣಿಕೊಪ್ಪದ ಬಸ್ಸು ಎಂಟೂಕಾಲಿಗೆ.