ಶೇಕಡ ಒಂಬತ್ತು

ಮಾರ್ಚಿಯ ಮಧ್ಯಾಹ್ನ. ಲಿಂಗರಾಜಪುರದ ಆ ಮನೆಯ
ಸಾಗುವಾನಿ ನೆಲಕ್ಕೆ ಮೊಣಕಾಲೂರಿ
ತೇವಮಾಪಕದ ಎರಡು ಮುಳ್ಳು ಚುಚ್ಚಿದೆ.
ಹನ್ನೊಂದು ಕಡೆ. ಒಂಬತ್ತು, ಒಂಬತ್ತು, ಒಂದೆಡೆ ಒಂಬತ್ತೂವರೆ.
ಹಸಿರು ದೀಪ. ಷರಾ: ಒಣಗಿದೆ. ಸಹಿ.
ನಲವತ್ತು ಪುಟದ ವರದಿ, ಬಣ್ಣದ ಚಿತ್ರ,
ಕೊನೆಯ ಪುಟದಲ್ಲಿ ಇರುವೆಸಾಲಿನಂಥ ಅಕ್ಷರ:
ಕಣ್ಣಿಗೆ ಕಾಣದ್ದಕ್ಕೆ ನಾವು ಹೊಣೆಯಲ್ಲ.

ಹಲಗೆಯ ಕೆಳಗೆ ಕಾಂಕ್ರೀಟಿದೆ ಎಂದು ಗೊತ್ತಿತ್ತು.
ಒಂದು ಹಲಗೆ ಎಬ್ಬಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಟೇಪು ಬಡಿದು
ಮರುದಿನ ಬಂದು ನೋಡಬೇಕಿತ್ತು, ಬೆವರಿದೆಯೇ ಎಂದು.
ಮರುದಿನ ಯಲಹಂಕದಲ್ಲಿ ಎರಡು ಮನೆ, ಸರ್ಜಾಪುರದಲ್ಲಿ ಒಂದು.
ಈ ಊರಿನಲ್ಲಿ ಮರುದಿನ ಎಂಬುದು
ಹೆಬ್ಬಾಳದ ಮೇಲ್ಸೇತುವೆಯಲ್ಲೇ ಅರ್ಧ ಮುಗಿದಿರುತ್ತದೆ.

ಬಕೀಟು ಸರಿಸುತ್ತ ಒಬ್ಬಳು ಹೇಳಿದಳು:
"ಕಿಟಕಿ ಹತ್ರ ನೋಡಿ ಸಾ, ಅಲ್ಲಿ ಪಾದ ತಣ್ಣಗಾಗುತ್ತೆ."
ಮಾರಿದವರಿಂದ ಕೊಂಡವರಿಗೆ
ಮನೆಯ ಜೊತೆಗೇ ಬಂದವಳು, ಮುನಿಲಕ್ಷ್ಮಮ್ಮ.
ತಣ್ಣಗೆ ಎಂಬುದಕ್ಕೆ ನನ್ನ ಫಾರಮಿನಲ್ಲಿ ಕಾಲಂ ಇರಲಿಲ್ಲ.

ದಸರೆ ಕಳೆದ ಮೇಲೆ ಫೋನು.
ಹಲಗೆಗಳೆಲ್ಲ ಅಂಚೆತ್ತಿ ಒಂದೊಂದೂ ಒಂದೊಂದು ದೋಣಿ,
ಸೋಫಾ ಕುಂಟುತ್ತಿತ್ತು, ಮಗುವಿನ ಗೋಲಿ
ಎರಡು ಹಲಗೆ ದಾಟಲಾರದೆ ನಿಲ್ಲುತ್ತಿತ್ತು.
ಲವೀನಾ ಮೇಡಂ ಕೈಯಲ್ಲಿ ನನ್ನದೇ ವರದಿ, ಪುಟ ಮಡಿಚಿದ್ದು.
ಮತ್ತೆ ಚುಚ್ಚಿದೆ. ಹತ್ತೊಂಬತ್ತು. ಕೆಂಪು.
ಸುತ್ತ ನೋಡಿದೆ. ಮೂಲೆಯಲ್ಲಿ ಬಕೀಟಿತ್ತು.

ತಪ್ಪು ಒಮ್ಮೊಮ್ಮೆ ಎಷ್ಟು ಸಲೀಸಾಗಿ ಸಿಗುತ್ತದೆ,
ಹಿಡಿಕೆ ಸಮೇತ.
"ಒರೆಸುವ ನೀರು ಹೆಚ್ಚಾಗಿದೆ" ಎಂದು ಬರೆದುಕೊಟ್ಟೆ.
ಮುಂದಿನ ಸಲ ಹೋದಾಗ ಅವಳಿರಲಿಲ್ಲ.
ನೀಲಿ ಬಣ್ಣದ ಒಣ ಮಾಪೊಂದು ಗೋಡೆಗೊರಗಿತ್ತು.
ನೆಲ ಇನ್ನೂ ಏಳುತ್ತಿತ್ತು.

ಕೊನೆಗೆ ಹಲಗೆ ಕಿತ್ತವನು ಬಾಡಮೇರಿನ ಬಡಗಿ ಹನ್ಸರಾಜ್.
ಮಾಪಕ ಕೇಳಲಿಲ್ಲ; ಹಲಗೆಯ ಬೆನ್ನು ಮೂಸಿದ.
"ಪಾನಿ ಕೂತಿದೆ" ಎಂದ. ಸುತ್ತಿಗೆಯಿಂದ
ತಟ್ಟುತ್ತ ಹೋದ, ಠಣ್, ಠಣ್, ಠಣ್,
ಕಿಟಕಿಯ ಹತ್ತಿರ ಢೊಬ್.
ಕಾಂಕ್ರೀಟಿನಡಿ ಕಡಪಾ ಕಲ್ಲು. ಅದರಡಿ ಸಂಪು:
ಇಲ್ಲಿದ್ದ ಹೆಂಚಿನ ಮನೆ ಕೆಡವಿದವರು ಮುಚ್ಚಿ ಮರೆತದ್ದು,
ನೀರು ಬಿಟ್ಟ ದಿನವೆಲ್ಲ ಕಾವೇರಿ ಪೈಪಿನ ಹಳೆಯ ಕವಲೊಂದು
ಮೀಟರಿಗೂ ಹೇಳದೆ ತುಂಬಿಸುತ್ತಿದ್ದದ್ದು.
ಟಾರ್ಚು ಬಿಟ್ಟೆವು. ತಿಳಿನೀರು. ತಳದಲ್ಲಿ
ಕುತ್ತಿಗೆ ನೆಗ್ಗಿದ ಒಂದು ಹಿತ್ತಾಳೆ ಬಿಂದಿಗೆ.

ಕರಿಯಣ್ಣಪಾಳ್ಯದ ಓಣಿಯಲ್ಲಿ, ಒಂದು ಭಾನುವಾರ,
ಅವಳ ಮನೆ ಹುಡುಕಿ ಸಂಪಿನ ಸುದ್ದಿ ಹೇಳಿದೆ.
"ಅದಿನ್ನೂ ಐತಾ? ಮಣ್ಣು ತುಂಬ್ಸಿದ್ರು ಅಂದ್ಕೊಂಡಿದ್ದೆ.
ಹೆಂಚಿನ ಮನೇಲೂ ನಾನೇ ಸಾ, ಹುಡುಗಿ ಆವಾಗ.
ಬಿಂದಿಗೆ ಕೈಜಾರಿ ಒಳಗೆ ಬಿತ್ತು.
ಮೂರು ತಿಂಗಳ ಸಂಬಳದಲ್ಲಿ ಹಿಡ್ಕೊಂಡ್ರು."
ಸ್ವಲ್ಪ ತಡೆದು, ಬಿಂದಿಗೆ ಸಿಕ್ತಾ ಎಂದಳು.
ಹನ್ಸರಾಜನ ಹುಡುಗ ಅದನ್ನು ಗುಜರಿಗೆ ಹಾಕಿದ್ದ.
ಗೊತ್ತಿಲ್ಲ ಎಂದೆ.

ಕಾಫಿ ಕೊಟ್ಟಳು. ಸಾರಿ ಎಂಬ ಮಾತು
ಲೋಟದ ತಳದ ಸಕ್ಕರೆಯ ಹಾಗೆ ಕರಗದೆ ಉಳಿಯಿತು.
"ಬ್ಯಾಗಲ್ಲಿ ಆ ಮಿಷನ್ನು ಐತಾ? ಇಲ್ಲೂ ಒಸಿ ಚುಚ್ಚಿ."
ಒಲೆಯ ಪಕ್ಕ ಕ್ಯಾಲೆಂಡರು ತೆಗೆದಳು.
ಅದರ ಹಿಂದೆ ಗೋಡೆ ಕಪ್ಪಾಗಿ ಹೊಪ್ಪಳೆ ಎದ್ದಿತ್ತು.
ಮುಳ್ಳು ಬೆಣ್ಣೆಗಿಳಿದಂತೆ ಇಳಿಯಿತು.
ಅಂಕಿ ತೋರಿಸಲಿಲ್ಲ ಮಾಪಕ, ಸುಮ್ಮನೆ ಕೂಗಿತು, ಕೂಗುತ್ತಲೇ ಇತ್ತು,
ಪಕ್ಕದ ಮನೆಯ ಮಕ್ಕಳು ಬಾಗಿಲಿಗೆ ಬಂದು ನಿಂತರು.

ಅವಳು ನಕ್ಕಳು. ಸಾಕು ಬಿಡಿ ಸಾ ಎಂದು
ಕ್ಯಾಲೆಂಡರನ್ನು ಅದೇ ಮೊಳೆಗೆ ಸಿಕ್ಕಿಸಿದಳು.